ರತ್ನಾಜಿ ಪ್ರಕರಣ: ಕುಮ್ಮಟದುರ್ಗದ ಕಿರಿಯ ರಾಣಿಗೆ ಬೇಕಾಗಿದ್ದೇನು?

ಗಂಗಾವತಿ, ಆನೆಗೊಂದಿ, ಕಂಪ್ಲಿ ಕಡೆಯವರಿಗೆ ಕಂಪಿಲರಾಯನ ಮಗ ಕುಮಾರರಾಮನ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಂಡುಗಲಿ, ಪರನಾರಿ ಸಹೋದರ ಅಂತ ಹಾಡಿ ಹೊಗಳಿದ್ದೇ ಹೊಗಳಿದ್ದು. ಕಂಪಿಲನ ಕಿರಿಯ ರಾಣಿ ರತ್ನಾಜಿಯೂ ಎಲ್ಲರಿಗೂ ಗೊತ್ತು. ಆದರೆ ಅವಳ ಹೆಸರು ಬಂದ ಕೂಡಲೇ ಹೇಳುವವರ ದನಿ ಬದಲಾಗುತ್ತದೆ. ಮಗನಂಥವನ ಮೇಲೆ ಕಣ್ಣು ಹಾಕಿದ ಮಲತಾಯಿ, ಸಿಗಲಿಲ್ಲ ಅಂತ ತಲೆ ತೆಗೆಸಲು ಹೊರಟವಳು, ಕೊನೆಗೆ ತಾನೇ ಹಾಳಾದಳು. ಇಷ್ಟಕ್ಕೆ ಅವಳ ಕತೆ ಮುಗಿಯಿತು. ಮುಂದೆ ರಾಮನ ಯುದ್ಧ ಶುರು.

ನನಗೆ ಆ ಅವಸರ ಇಷ್ಟವಾಗುವುದಿಲ್ಲ. ಇದು ಕಾಮದ ಕತೆ ಅಂತ ಎಲ್ಲರೂ ಹೇಳುತ್ತಾರೆ, ಹೌದು, ಆದರೆ ಅದಕ್ಕಿಂತ ಜಾಸ್ತಿ ಇದು ಅಧಿಕಾರದ ಕತೆ, ಮತ್ತು ಆ ಅರಮನೆಯಲ್ಲಿ ಒಬ್ಬ ಕಿರಿಯ ರಾಣಿಗೆ ಪ್ರೀತಿಗೂ ಅಧಿಕಾರಕ್ಕೂ ಇದ್ದ ಬಾಗಿಲು ಒಂದೇ ಅನ್ನುವುದನ್ನು ನೋಡದೆ ಹೋದರೆ ರತ್ನಾಜಿ ಸುಮ್ನೆ ಒಂದು ರಾಕ್ಷಸಿ ಪಾತ್ರವಾಗಿ ಉಳಿದುಬಿಡುತ್ತಾಳೆ. ಹಾಗಾಗಿ ಇದನ್ನು ಒಂದು ಪ್ರಕರಣದಂತೆ ಬಿಡಿಸಿ ನೋಡೋಣ. ಯಾರು ಏನು ಮಾಡಿದರು, ಯಾರ ಕೈಯಲ್ಲಿ ಏನಿತ್ತು, ಯಾರಿಗೆ ಬೇರೆ ದಾರಿ ಇತ್ತು.

ಮೊದಲು ಇತಿಹಾಸ ಎಷ್ಟು, ಕಾವ್ಯ ಎಷ್ಟು ಅನ್ನುವುದು. ಕಂಪಿಲರಾಯ ನಿಜವಾಗಿ ಆಳಿದ ದೊರೆ. ದೇವಗಿರಿಯ ಯಾದವರ ಕೈಕೆಳಗಿದ್ದ ಮುಮ್ಮಡಿ ಸಿಂಗನ ಮಗ. ದೇವಗಿರಿ ದಿಲ್ಲಿಯವರ ಪಾಲಾದ ಮೇಲೆ ತುಂಗಭದ್ರೆಯ ಎರಡೂ ದಡಗಳಲ್ಲಿ ತನ್ನದೇ ರಾಜ್ಯ ಕಟ್ಟಿಕೊಂಡ. ಇವತ್ತಿನ ಬಳ್ಳಾರಿ ಜಿಲ್ಲೆಯ ಕಂಪ್ಲಿ ಅವನ ಹೆಸರಿನ ಜೊತೆ ಸೇರಿಕೊಂಡ ಊರು, ಗಂಗಾವತಿ ಕಡೆಯ ಕುಮ್ಮಟದುರ್ಗ ಅವನ ಕೋಟೆ. ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಷಾಸ್ಪ್ ತನ್ನ ಬಂಧು, ದಿಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದು, ಸೋತು, ಓಡಿಬಂದು ಕಂಪಿಲನ ಆಶ್ರಯ ಕೇಳಿದ. ಕಂಪಿಲ ಕೊಟ್ಟ. ಬಿಟ್ಟುಕೊಡು ಅಂದರೆ ಬಿಡಲಿಲ್ಲ. 1327ರ ಹೊತ್ತಿಗೆ ದಿಲ್ಲಿ ಸೈನ್ಯ ಆ ರಾಜ್ಯವನ್ನೇ ಮುಗಿಸಿತು.

ಇದರಲ್ಲಿ ರತ್ನಾಜಿ ಎಲ್ಲೂ ಇಲ್ಲ. ಆ ಕಾಲದ ಬಗ್ಗೆ ಬರೆದ ಪ್ರವಾಸಿ ಇಬನ್ ಬತೂತ ಕಂಪಿಲನ ಸಾವನ್ನು ಹೇಳುತ್ತಾನೆ, ದಿಲ್ಲಿಯಲ್ಲಿ ಅವನ ಮಕ್ಕಳನ್ನು ಕಂಡದ್ದನ್ನೂ ಹೇಳುತ್ತಾನೆ. ಕಿರಿಯ ರಾಣಿಯ ಹಗರಣದ ಸುದ್ದಿ ಮಾತ್ರ ಅವನಲ್ಲಿಲ್ಲ. ಅವಳು ಬರುವುದು ಕಾವ್ಯದಲ್ಲಿ. 16ನೇ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ ರಾಮನಾಥನ, ಅಂದರೆ ಕುಮಾರರಾಮನ, ಚರಿತೆ ಬರೆದ. ಆಮೇಲೆ ಪಾಂಚಾಳ ಗಂಗ ಅದೇ ಕತೆಯನ್ನು ಮತ್ತೆ ಹಾಡಿದ, ಇನ್ನೂ ಕೆಲವರು ಹಾಡಿದರು, ಜನಪದರಂತೂ ಬಿಡಲೇ ಇಲ್ಲ. ಅಂದರೆ ರಾಜ್ಯ ಬಿದ್ದು ಹೆಚ್ಚುಕಡಿಮೆ 200 ವರ್ಷಗಳ ಮೇಲೆ, ಸಾಂಗತ್ಯದಂಥ ಕೂತು ಕೇಳುವ ಹಾಡಿನ ಮಟ್ಟಿನಲ್ಲಿ ರತ್ನಾಜಿ ನಮ್ಮ ಮುಂದೆ ನಿಲ್ಲುತ್ತಾಳೆ. ಅವಳು ನಿಜವಾಗಿ ಇದ್ದಳೋ ಇಲ್ಲವೋ ಅನ್ನುವುದು ನನಗೆ ದೊಡ್ಡ ಪ್ರಶ್ನೆ ಅಲ್ಲ. ಇಷ್ಟು ತಲೆಮಾರು ಈ ಹೆಣ್ಣನ್ನು ಯಾಕೆ ನೆನಪಿಟ್ಟುಕೊಂಡವು ಅನ್ನುವುದು ದೊಡ್ಡ ಪ್ರಶ್ನೆ.

ಚೆಂಡು ಬಿದ್ದ ದಿನ

ಪ್ರಕರಣದ ಮೂಲ ಒಂದು ಚೆಂಡು. ರಾಜ ಅರಮನೆಯಲ್ಲಿಲ್ಲ. ರಾಮ ಗೆಳೆಯರ ಜೊತೆ ಚೆಂಡಾಟಕ್ಕೆ ಇಳಿದಿದ್ದಾನೆ. ಆಟ ಜೋರಾಗಿದೆ, ಹೊಡೆದ ಚೆಂಡು ಹಾರಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ರಾಮ ತಾನೇ ಒಳಗೆ ಹೋಗುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂತಃಪುರಕ್ಕೆ ಗಂಡಸರು ಹೋಗುವ ಹಾಗಿಲ್ಲ, ರಾಣಿ ಹೊರಗೆ ಬರುವ ಹಾಗಿಲ್ಲ. ಹೊರಗಿನ ಗದ್ದಲ, ಧೂಳು, ಬೆವರು, ಗೆದ್ದವರ ಕೇಕೆ ಇದೆಲ್ಲ ರತ್ನಾಜಿಗೆ ಗೋಡೆಯ ಆಚೆಯಿಂದ, ಇಲ್ಲವೇ ಉಪ್ಪರಿಗೆಯ ಕಿಂಡಿಯಿಂದ ಸಿಗುವ ವಿಷಯ. ಇಡೀ ರಾಜ್ಯ ಹೊಗಳುವ ಹುಡುಗ, ನಾಳೆ ಪಟ್ಟಕ್ಕೆ ಬರುವವನು, ಅವಳದೇ ಪ್ರಾಯದ ಆಸುಪಾಸಿನವನು. ಅವಳ ಗಂಡ ಆ ಹುಡುಗನ ಅಪ್ಪ. ಇಷ್ಟು ದಿನ ಗೋಡೆಯ ಆಚೆ ಇದ್ದದ್ದು ಇವತ್ತು ಚೆಂಡಿನ ನೆಪದಲ್ಲಿ ತಾನಾಗಿಯೇ ಬಾಗಿಲಿಗೆ ಬಂದು ನಿಂತಿದೆ.

ಅವಳು ಮನಸ್ಸು ಬಿಚ್ಚಿ ಹೇಳುತ್ತಾಳೆ. ಕೈ ಹಿಡಿಯುತ್ತಾಳೆ. ಅವನು ತಾಯಿ ಅನ್ನುತ್ತಾನೆ. ಅವಳು ಬೇಡಿಕೊಳ್ಳುತ್ತಾಳೆ, ಆಸೆ ತೋರಿಸುತ್ತಾಳೆ, ಕೊನೆಗೆ ಹೆದರಿಸುತ್ತಾಳೆ. ಅವನು ಕೊಸರಿಕೊಂಡು ಹೊರಟುಹೋಗುತ್ತಾನೆ. ಆಮೇಲೆ ಅವಳು ಮೈಮೇಲೆ ತಾನೇ ಗಾಯ ಮಾಡಿಕೊಂಡು, ಕೂದಲು ಕೆದರಿಕೊಂಡು, ರಾಜ ಬಂದಾಗ ರಾಮನ ಮೇಲೆ ದೂರು ಹೇಳುತ್ತಾಳೆ. ಕಂಪಿಲ ಮಗನನ್ನು ಕರೆಸುವುದಿಲ್ಲ, ಒಂದು ಮಾತು ಕೇಳುವುದಿಲ್ಲ. ತಲೆ ತೆಗೆಯಿರಿ ಅಂತ ಮಂತ್ರಿ ಬೈಚಪ್ಪನಿಗೆ ಹೇಳಿಬಿಡುತ್ತಾನೆ. ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು, ಬೇರೆ ತಲೆಯನ್ನು ತಂದು ಇದೇ ರಾಮನ ತಲೆ ಅಂತ ತೋರಿಸುತ್ತಾನೆ. ಮುಂದೆ ದಿಲ್ಲಿ ಸೈನ್ಯ ಬಂದು ಕೋಟೆಗೆ ಕುತ್ತು ಒದಗಿದಾಗ ಕಂಪಿಲ ಮಗನನ್ನು ನೆನೆದು ಅಳುತ್ತಾನೆ, ಬೈಚಪ್ಪ ರಾಮನನ್ನು ಹೊರಗೆ ಕರೆತರುತ್ತಾನೆ, ರಾಮ ಶತ್ರುಗಳನ್ನು ಓಡಿಸುತ್ತಾನೆ. ರಾಮ ಬದುಕಿದ್ದಾನೆ ಅಂತ ತಿಳಿದ ರತ್ನಾಜಿ ಪ್ರಾಣ ಕಳೆದುಕೊಳ್ಳುತ್ತಾಳೆ.

ಯಾರ ಕೈಯಲ್ಲಿ ಏನಿತ್ತು

ಈಗ ರತ್ನಾಜಿಯ ಹತ್ತಿರ ಇದ್ದ ಅಧಿಕಾರ ನೋಡೋಣ. ಹೆಸರಿಗೆ ರಾಣಿ. ಸೈನ್ಯವಿಲ್ಲ, ಊರಿಲ್ಲ, ರಾಜಸಭೆಯಲ್ಲಿ ಜಾಗವಿಲ್ಲ. ಪಟ್ಟದ ರಾಣಿ ಹರಿಹರದೇವಿಗೆ ರಾಮನಂಥ ಮಗನಿದ್ದಾನೆ, ಆಕೆ ನಾಳಿನ ರಾಜಮಾತೆ. ರತ್ನಾಜಿಗೆ ಇರುವುದು ಒಂದೇ ಒಂದು, ರಾಜನ ಕಿವಿ. ರಾಜ ಅವಳ ಮಾತು ಕೇಳುತ್ತಾನೆ. ಅದೂ ಎಲ್ಲಿಯವರೆಗೆ? ಅವನಿಗೆ ಅವಳ ಮೇಲೆ ಮನಸ್ಸಿರುವವರೆಗೆ, ಅಥವಾ ಅವನಿಗೆ ಉಸಿರಿರುವವರೆಗೆ.

ಆಮೇಲೆ ಏನು? ಈ ಪ್ರಶ್ನೆಗೆ ಉತ್ತರ ನಮ್ಮ ಊರುಗಳಲ್ಲೇ ನಿಂತಿದೆ. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಹಳ್ಳಿ ಗುಡಿಗಳ ಹತ್ತಿರ, ಹೊಲದ ಬದುಗಳಲ್ಲಿ ಮಾಸ್ತಿಕಲ್ಲುಗಳನ್ನು ನೋಡಿರುತ್ತೀರಿ. ಒಂದು ಕಂಬ, ಕಂಬದಿಂದ ಹೊರಚಾಚಿದ ತೋಳು, ಮೊಣಕೈಯಲ್ಲಿ ಮಡಚಿ ಮೇಲಕ್ಕೆತ್ತಿದ ಅಂಗೈ, ಕೈತುಂಬ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಮೇಲ್ಗಡೆ ಸೂರ್ಯ ಚಂದ್ರ. ಗಂಡ ಸತ್ತ ಮೇಲೆ ಬೆಂಕಿಗೆ ಹೋದವಳ ಬಳೆ ಒಡೆಯಲಿಲ್ಲ, ಅವಳು ಮುತ್ತೈದೆಯಾಗಿಯೇ ಹೋದಳು ಅಂತ ಆ ಕಲ್ಲು ಹೇಳುತ್ತದೆ. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ, ಬರೀ ತೋಳು.

ಕಂಪಿಲನ ಮನೆಯಲ್ಲೂ ಇದೇ ಆಯಿತು. ಕೋಟೆ ಉಳಿಯುವುದಿಲ್ಲ ಅಂತ ಗೊತ್ತಾದಾಗ ರಾಜ ದೊಡ್ಡ ಬೆಂಕಿ ಹಾಕಿಸಿದ. ನಾನು ಸಾಯಲು ಹೊರಟಿದ್ದೇನೆ, ಮನಸ್ಸಿರುವವರು ಹೀಗೇ ಮಾಡಿ ಅಂತ ಹೆಂಡಿರು ಮಕ್ಕಳಿಗೆ ಹೇಳಿದ. ಹೆಂಗಸರು ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಅವನ ಮುಂದೆ ನೆಲಕ್ಕೆ ಮುತ್ತಿಟ್ಟು ಒಬ್ಬೊಬ್ಬರಾಗಿ ಬೆಂಕಿಗೆ ಬಿದ್ದರು. ಮಂತ್ರಿಗಳ, ಸರದಾರರ ಮನೆಯ ಹೆಂಗಸರೂ ಬಿದ್ದರು. ಇಬನ್ ಬತೂತ ಹೇಳುವುದು ಹೀಗೆ. ಕಂಪಿಲ ಗುರ್ಷಾಸ್ಪನನ್ನು ಅದಕ್ಕೆ ಮೊದಲೇ ದೋರಸಮುದ್ರದ ಹೊಯ್ಸಳ ದೊರೆ ಬಲ್ಲಾಳನ ಹತ್ತಿರ ಸುರಕ್ಷಿತವಾಗಿ ಕಳಿಸಿದ್ದ. ಆಶ್ರಯ ಬೇಡಿ ಬಂದ ಗಂಡಸಿಗೆ ಹೊರಹೋಗುವ ದಾರಿ ಇತ್ತು, ಮನೆಯ ಹೆಂಗಸರಿಗೆ ಇರಲಿಲ್ಲ. (ಬಲ್ಲಾಳ ಆಮೇಲೆ ಅವನನ್ನು ಹಿಡಿದು ದಿಲ್ಲಿಯವರಿಗೆ ಒಪ್ಪಿಸಿದ, ಅದು ಬೇರೆ ಮಾತು.)

ಇದನ್ನು ಪಕ್ಕಕ್ಕಿಟ್ಟುಕೊಂಡು ಚೆಂಡಿನ ಪ್ರಸಂಗವನ್ನು ಮತ್ತೆ ಓದಿ. ರತ್ನಾಜಿಗೆ ರಾಮ ಬೇಕು ಅನ್ನುವುದು ನಿಜ. ಆದರೆ ರಾಮ ಬರೀ ಚೆಲುವ ಅಲ್ಲ, ಅವನು ಈ ರಾಜ್ಯದ ನಾಳೆ. ಅವನ ಪಕ್ಕ ನಿಂತರೆ ಅವಳಿಗೂ ಒಂದು ನಾಳೆ ಇದೆ. ಅಪ್ಪನ ಪಕ್ಕ ನಿಂತರೆ ಇರುವುದು ಆ ಕಲ್ಲಿನ ತೋಳು. ಅವಳು ಹೀಗೆ ಲೆಕ್ಕ ಹಾಕಿದಳು ಅಂತ ಯಾವ ಕವಿಯೂ ಹೇಳುವುದಿಲ್ಲ, ಇದು ನನ್ನ ಓದು. ಕವಿಗಳು ಅವಳ ಬಾಯಲ್ಲಿ ಮೋಹದ ಮಾತು ಮಾತ್ರ ಇಟ್ಟಿದ್ದಾರೆ. ಗಂಡಸು ರಾಜ್ಯವನ್ನೂ ಹೆಣ್ಣನ್ನೂ ಒಟ್ಟಿಗೆ ಬಯಸಿದರೆ ಅದಕ್ಕೆ ಪರಾಕ್ರಮ ಅಂತ ಹೆಸರು, ನಮ್ಮ ಅರ್ಧ ಕಾವ್ಯಗಳು ನಿಂತಿರುವುದೇ ಅದರ ಮೇಲೆ. ಹೆಣ್ಣು ಎರಡನ್ನೂ ಒಟ್ಟಿಗೆ ಬಯಸಿದರೆ ಕವಿ ಒಂದನ್ನು ಅಳಿಸಿ ಇನ್ನೊಂದನ್ನಷ್ಟೇ ಬರೆಯುತ್ತಾನೆ.

ಈ ಕತೆ ನಮ್ಮದೊಂದೇ ಅಲ್ಲ. ಪಕ್ಕದ ತೆಲುಗಿನಲ್ಲಿ ಸಾರಂಗಧರನ ಕತೆ ಇದೆ. ರಾಜಮಹೇಂದ್ರಿಯ ರಾಜರಾಜನ ಕಿರಿಯ ರಾಣಿ ಚಿತ್ರಾಂಗಿ. ಅಲ್ಲಿ ಚೆಂಡಿನ ಬದಲು ಪಾರಿವಾಳ ಹಾರಿಹೋಗಿ ಅವಳ ಅರಮನೆಯಲ್ಲಿ ಕೂರುತ್ತದೆ, ಹುಡುಗ ಹಿಡಿಯಲು ಹೋಗುತ್ತಾನೆ, ಮುಂದಿನದೆಲ್ಲ ಇದೇ. ರಾಜ ಅವನ ಕೈಕಾಲು ಕಡಿಸುತ್ತಾನೆ. ಆ ಕತೆಯ ಒಂದು ಹೇಳಿಕೆಯಲ್ಲಿ ಚಿತ್ರಾಂಗಿಗೆ ಮೊದಲು ತೋರಿಸಿದ್ದು ಮಗನ ಚಿತ್ರಪಟ, ತಾಳಿ ಕಟ್ಟಿದ್ದು ಅಪ್ಪ. ಈ ಒಂದು ವಿವರ ಗೊತ್ತಾದ ಮೇಲೆ ಚಿತ್ರಾಂಗಿಯನ್ನು ಸುಲಭವಾಗಿ ಬೈಯಲು ಬಾಯಿ ಬರುವುದಿಲ್ಲ. ಅವಳಿಗೆ ಮೋಸ ಆಗಿದೆ, ಅಲ್ವಾ?

ಇನ್ನೊಂದು ಕಡೆ ನಮ್ಮ ಜನ್ನನ ಅಮೃತಮತಿ ಇದ್ದಾಳೆ. 1209ರ ಯಶೋಧರ ಚರಿತೆ. ಅವಳ ಸ್ಥಿತಿ ರತ್ನಾಜಿಗೆ ಪೂರಾ ಉಲ್ಟಾ. ಅವಳು ಪಟ್ಟದ ರಾಣಿ, ಗಂಡ ಪ್ರಾಯದವನು, ಚೆಲುವ, ಅವಳನ್ನು ಬಿಟ್ಟಿರಲಾರದವನು. ಎಲ್ಲಾ ಇದ್ದೂ ಬೆಳಗಿನ ಜಾವ ಕೇಳಿದ ಒಂದು ಹಾಡಿಗೆ ಸೋತು, ಹಾಡಿದವನು ಕುರೂಪಿ ಮಾವುತ ಅಂತ ತಿಳಿದ ಮೇಲೂ ಹಿಂದೆ ಸರಿಯುವುದಿಲ್ಲ. ತಡವಾಗಿ ಬಂದಳು ಅಂತ ಅವನು ಹೊಡೆದರೂ ಹೊಡೆಸಿಕೊಳ್ಳುತ್ತಾಳೆ. ಅಧಿಕಾರವನ್ನು ಅವನ ಕಾಲಬುಡಕ್ಕೆ ತಂದು ಸುರಿದವಳು ಅಮೃತಮತಿ. ಕೊನೆಗೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ, ಅದನ್ನು ಯಾರೂ ಒಪ್ಪುವುದಿಲ್ಲ. ಆದರೆ ಜನ್ನ ಅವಳ ಮನಸ್ಸಿನೊಳಗೆ ಇಳಿದು ನೋಡಿದ, ಅವಳ ಹಟಕ್ಕೆ ಒಂದು ಎತ್ತರ ಕೊಟ್ಟ. ಕುಮಾರರಾಮನ ಕವಿಗಳು ರತ್ನಾಜಿಗೆ ಅಷ್ಟು ಹೊತ್ತು ಕೊಡಲಿಲ್ಲ. ಅವರಿಗೆ ರಾಮನದೇ ಅವಸರ.

ಓದುಗರ ಬೈಠಕ್ಕಿನಲ್ಲಿ ನಡೆದ ವಾದ

ಕೊಪ್ಪಳದಲ್ಲಿ ನಾವೊಂದಿಷ್ಟು ಜನ ಆಗಾಗ ಕೂತು ಹಳೆಯ ಕಾವ್ಯ ಓದುತ್ತೇವೆ. ಮೇಷ್ಟ್ರುಗಳು, ಒಬ್ಬ ಔಷಧಿ ಅಂಗಡಿಯವರು, ಡಿಗ್ರಿ ಓದುವ ಮೂರ್ನಾಲ್ಕು ಹುಡುಗಿಯರು, ರಿಟೈರ್ ಆದ ಒಬ್ಬ ಹೆಡ್‌ಮೇಡಂ. ಅಲ್ಲಿ ನನ್ನ ಈ ಓದನ್ನು ಹೇಳಿದೆ. ಚಪ್ಪಾಳೆ ಏನೂ ಸಿಗಲಿಲ್ಲ.

ಹೆಡ್‌ಮೇಡಂ ನೇರವಾಗಿ ಹೇಳಿದರು, "ನೀವು ಆಕಿನ್ನ ಪಾಪ ಅನ್ನಾಕ ಹೊಂಟೀರಿ. ಬ್ಯಾಡ. ಅಂವ ಒಲ್ಲೆ ಅಂದ. ಒಲ್ಲೆ ಅಂದ ಮ್ಯಾಲ ಮುಗೀತು. ಗಂಡಸಿಗೆ ಹೇಳೂ ಮಾತು ಹೆಂಗಸಿಗೂ ಹೇಳಬೇಕು." ಈ ಮಾತಿಗೆ ನಾನು ಎದುರು ಹೇಳಲಾರೆ. ರಾಮ ಸ್ಪಷ್ಟವಾಗಿ ಬೇಡ ಅಂದಿದ್ದಾನೆ. ಅವಳು ಸುಳ್ಳು ದೂರು ಕೊಟ್ಟಿದ್ದಾಳೆ, ಆ ದೂರಿಗೆ ಶಿಕ್ಷೆ ಏನು ಅಂತ ಗೊತ್ತಿದ್ದೇ ಕೊಟ್ಟಿದ್ದಾಳೆ. ತಲೆ ತಂದು ತೋರಿಸುವವರೆಗೆ ಸುಮ್ಮನಿದ್ದಾಳೆ. ಅವಳ ಕಷ್ಟ ಅರ್ಥವಾಯಿತು ಅಂತ ಇದನ್ನು ಮಾಫಿ ಮಾಡಲು ಆಗುವುದಿಲ್ಲ.

ಹುಡುಗಿಯರಲ್ಲಿ ಒಬ್ಬಳು ಬೇರೆ ಕಡೆಯಿಂದ ಬಂದಳು. ಇಂಥ ಕತೆ ಕೇಳಿ ಕೇಳಿಯೇ ಅಲ್ವಾ, ಹೆಣ್ಣುಮಗಳು ನಿಜವಾದ ದೂರು ಕೊಟ್ಟರೂ ಜನ ಮೊದಲು ಅನುಮಾನ ಪಡುವುದು ಅಂದಳು. ಒಳ್ಳೆಯ ಮಾತು. ಮಲತಾಯಿಯ ಸುಳ್ಳು ದೂರನ್ನು ತಲೆಮಾರುಗಟ್ಟಲೆ ಹಾಡಿದವರು, ಅಂತಃಪುರದಲ್ಲಿ ನಿಜವಾಗಿ ನಡೆದ ಬಲಾತ್ಕಾರಗಳನ್ನು ಎಷ್ಟು ಹಾಡಿದ್ದಾರೆ ನೋಡಿ. ಪರನಾರಿ ಸಹೋದರ ಅನ್ನುವ ಬಿರುದು ಇಷ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ ಉಳಿದ ಅರಸುಮಕ್ಕಳು ಹೇಗಿದ್ದರು ಅಂತ ಊಹೆ ಮಾಡಿಕೊಳ್ಳಬಹುದು. ಆ ಬಿರುದನ್ನು ಪರೀಕ್ಷೆಗೆ ಒಡ್ಡಿ ಗೆಲ್ಲಿಸಲು ಕವಿಗೆ ಒಬ್ಬ ರತ್ನಾಜಿ ಬೇಕಿತ್ತು. ಅವಳು ಎಷ್ಟು ಕೆಟ್ಟವಳೋ ಅವನು ಅಷ್ಟು ಒಳ್ಳೆಯವನು.

ಇದೇ ಕತೆಯಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದಾರೆ, ಅವರನ್ನೂ ಪಕ್ಕಕ್ಕಿಟ್ಟು ನೋಡಿದರೆ ಲೆಕ್ಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಬ್ಬಳು ದಿಲ್ಲಿ ಸುಲ್ತಾನನ ಮಗಳು. ಅವಳೂ ರಾಮನ ಮೇಲೆ ಮನಸ್ಸಿಟ್ಟವಳೇ. ಆದರೆ ಅವಳನ್ನು ಕತೆ ಬೈಯುವುದಿಲ್ಲ. ದೂರದ ವೈರಿಯ ಮಗಳು ನಮ್ಮ ಹುಡುಗನಿಗೆ ಮರುಳಾದಳು ಅಂದರೆ ನಮಗೇ ಹೆಮ್ಮೆ! ಇನ್ನೊಬ್ಬಳು ಮಾತಂಗಿ. ಬೇರೆಯವರೆಲ್ಲ ಸೋತು ಬಂದ ಮೇಲೆ ಸುಲ್ತಾನ ಕಳಿಸುವ ಹೆಣ್ಣು ದಂಡನಾಯಕಿ. ರಾಮನನ್ನು ಸೋಲಿಸಿ ತಲೆ ಒಯ್ಯುವವಳು ಅವಳೇ. ಅಂದರೆ ರತ್ನಾಜಿ ಬಾಯಿಮಾತಿನಿಂದ ಮಾಡಿಸಲು ಆಗದ ಕೆಲಸವನ್ನು ಮಾತಂಗಿ ದಂಡು ಕಟ್ಟಿಕೊಂಡು ಬಂದು ಮಾಡಿ ತೋರಿಸುತ್ತಾಳೆ. ಮಾತಂಗಿ ಕೈಯಲ್ಲಿ ರಾಜ ಕೊಟ್ಟ ಅಧಿಕಾರ ಇದೆ, ಕತ್ತಿ ಇದೆ, ಅವಳಿಗೆ ಯಾರ ಕಿವಿಯೂ ಬೇಡ. ಅವಳನ್ನು ಯಾರೂ ಪ್ರೀತಿಸುವುದಿಲ್ಲ, ಅವಳೂ ಯಾರನ್ನೂ ಪ್ರೀತಿಸುವುದಿಲ್ಲ, ಕತೆ ಆ ವಿಚಾರವನ್ನೇ ಎತ್ತುವುದಿಲ್ಲ. ಒಬ್ಬಳಿಗೆ ಬರೀ ಪ್ರೀತಿ, ಒಬ್ಬಳಿಗೆ ಬರೀ ಅಧಿಕಾರ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಲು ಹೋದ ರತ್ನಾಜಿ ಮಾತ್ರ ಪಾಪಿ.

ಆ ಮೇಲೆ ವಾದ ಕಂಪಿಲನ ಕಡೆ ತಿರುಗಿತು. ನನ್ನ ಪ್ರಕಾರ ಮೊದಲಿಂದ ಅಲ್ಲೇ ತಿರುಗಬೇಕಿತ್ತು. ರತ್ನಾಜಿಯ ಮಾತಿಗೆ ಬಲ ಬಂದದ್ದು ಎಲ್ಲಿಂದ? ಕೇಳಿದವನು ಯೋಚಿಸದೆ ನಂಬಿದ್ದರಿಂದ. ಕಂಪಿಲ ಯಾಕೆ ಅಷ್ಟು ಬೇಗ ನಂಬಿದ? ಹುಟ್ಟಿದಾಗಿನಿಂದ ನೋಡಿದ ಮಗ, ಗಡಿಯಲ್ಲಿ ಗೆದ್ದು ಬಂದ ಮಗ, ಊರೆಲ್ಲ ಹೊಗಳುವ ಮಗ. ವಿಚಾರಣೆ ಬೇಡ, ಒಂದು ಪ್ರಶ್ನೆ ಕೇಳಬಹುದಿತ್ತಲ್ಲ? ನನಗೆ ಅನ್ನಿಸುವುದು ಇಷ್ಟು: ವಯಸ್ಸಾಗುತ್ತಿರುವ ರಾಜನಿಗೆ ಮಗನ ಹೆಸರು ತನ್ನ ಹೆಸರಿಗಿಂತ ದೊಡ್ಡದಾಗುತ್ತಿರುವುದು ಕಾಣುತ್ತಿತ್ತು, ಕಿರಿಯ ಹೆಂಡತಿಯ ಮುಂದೆ ತನ್ನ ವಯಸ್ಸೂ ಕಾಣುತ್ತಿತ್ತು, ಆ ಎರಡು ಅಂಜಿಕೆಗಳ ಮೇಲೆ ಬಿದ್ದ ಕಿಡಿ ಅವಳ ದೂರು. ಅವಳು ಆ ಅಂಜಿಕೆಯನ್ನು ಹುಟ್ಟಿಸಲಿಲ್ಲ. ಅದು ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ.

ಔಷಧಿ ಅಂಗಡಿಯವರು ಆಗ, "ಆಕಿದು ತಪ್ಪು ಐತಿ ಬಿಡ್ರಿ, ಆದ್ರ ರಾಜಂದೇನ್ ಕಮ್ಮಿ ತಪ್ಪಾ?" ಅಂದರು. ಆದರೆ ಕತೆಯ ಕೊನೆಗೆ ಲೆಕ್ಕ ಹೇಗೆ ಚುಕ್ತಾ ಆಯಿತು ನೋಡಿ. ದೂರು ಕೊಟ್ಟವಳು ಸತ್ತಳು. ಆದೇಶ ಕೊಟ್ಟವನು ಎರಡು ಹನಿ ಕಣ್ಣೀರು ಹಾಕಿದ, ಮಗ ವಾಪಸ್ ಸಿಕ್ಕ, ಮಗ ಅಪ್ಪನ ಕಾಲಿಗೂ ಬಿದ್ದ. ಆಮೇಲೆ ಕಂಪಿಲ ಆಶ್ರಯ ಬೇಡಿದವನನ್ನು ಬಿಟ್ಟುಕೊಡದ ವೀರನಾಗಿ ಹಾಡಿನಲ್ಲಿ ಉಳಿದ. ಅದಕ್ಕೆ ಅವನು ಅರ್ಹನೇ, ಇಲ್ಲ ಅನ್ನುವುದಿಲ್ಲ. ಆದರೆ ಪರದೇಶಿ ಬಂಡುಕೋರನಿಗೆ ತೋರಿಸಿದ ತಾಳ್ಮೆಯ ಕಾಲುಭಾಗವನ್ನು ಸ್ವಂತ ಮಗನಿಗೆ ತೋರಿಸಿದ್ದರೆ ನೆಲಮನೆಯೇ ಬೇಕಾಗುತ್ತಿರಲಿಲ್ಲ.

ಕೊನೆಗೆ ನಾವೇ ಒಂದು ಚಾರ್ಜ್‌ಶೀಟ್ ಬರೆದೆವು, ತಮಾಷೆಗೆ. ರತ್ನಾಜಿ ಮೇಲೆ ಬಲವಂತ ಮತ್ತು ಸುಳ್ಳು ದೂರು. ಕಂಪಿಲನ ಮೇಲೆ ವಿಚಾರಣೆ ಇಲ್ಲದ ಕೊಲೆ ಆದೇಶ. ಬೈಚಪ್ಪ ಬಿಡುಗಡೆ, ಬೇಕಾದರೆ ಸನ್ಮಾನ. ಹೆಡ್‌ಮೇಡಂ ಇದಕ್ಕೂ ತಕರಾರು ತೆಗೆದರು. ಬೈಚಪ್ಪನಿಗೆ ಹುಡುಗ ತಪ್ಪು ಮಾಡಿಲ್ಲ ಅಂತ ಗೊತ್ತಿತ್ತು, ಆದರೂ ತುಂಬಿದ ಸಭೆಯಲ್ಲಿ ಬಾಯಿ ಬಿಡಲಿಲ್ಲ, ಜೀವ ಉಳಿಸಿದ ಆದರೆ ಹೆಸರು ಕೆಡಲು ಬಿಟ್ಟ, ಅವನನ್ನು ಯಾಕೆ ಸುಮ್ನೆ ಬಿಡಬೇಕು ಅಂತ ಅವರ ವಾದ. ಸಭೆಯಲ್ಲಿ ಹೇಳಿದ್ದರೆ ರಾಮನ ಜೊತೆ ಬೈಚಪ್ಪನ ತಲೆಯೂ ಅವತ್ತೇ ಹೋಗುತ್ತಿತ್ತು, ಆಮೇಲೆ ಬಚ್ಚಿಡುವವರು ಯಾರು ಅಂತ ನಾನು ಕೇಳಿದೆ. ಅವರು ಒಪ್ಪಲಿಲ್ಲ, "ರಾಜನ ಕಿವಿ ರಾಣಿಗಷ್ಟ ಇತ್ತೇನು, ಮಂತ್ರಿಗಿರಲಿಲ್ಲೇನು?" ಅಂದರು.